ಚಳಿಗಾಲಕ್ಕೆ ಆಮೆಯನ್ನು ಮಲಗಿಸಬೇಕೇ?

ಕಳೆದ ವಾರ ಪಕ್ಕದ ಊರಿನ ಯುವ ರೈತರೊಬ್ಬರು ಫೋನ್ ಮಾಡಿದ್ದರು. "ಅಣ್ಣಾ, ಕಡಲೆಕಾಯಿ ಕೀಳೋವಾಗ ಹೊಲದಲ್ಲಿ ಒಂದು ಆಮೆ ಸಿಕ್ಕಿತ್ತು. ಚಿಪ್ಪಿನ ಮೇಲೆಲ್ಲ ನಕ್ಷತ್ರ ಬಿಡಿಸಿದಂಗಿದೆ. ಮಕ್ಕಳು ಹಟ ಮಾಡಿದ್ರು ಅಂತ ಮನೇಲೇ ಇಟ್ಕೊಂಡ್ವಿ. ಈಗ ಚಳಿ ಜಾಸ್ತಿ ಆಗಿದೆ, ನಾಲ್ಕು ದಿನದಿಂದ ಸೊಪ್ಪು ಮುಟ್ತಿಲ್ಲ. ಮೊಬೈಲಲ್ಲಿ ನೋಡಿದ್ರೆ, ಚಳಿಗಾಲದಲ್ಲಿ ಆಮೇನ ಪೆಟ್ಟಿಗೇಲಿಟ್ಟು ಮೂರು ತಿಂಗಳು ಮಲಗಿಸ್ತಾರಂತೆ. ಮಲಗಿಸ್ಲಾ, ಬೇಡ್ವಾ?"

ಬೇಡ ಅಂದೆ. ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ.

ಎಂಟು ವರ್ಷದ ಹಿಂದೆ ನಮ್ಮ ಹೊಲದ ಬದುವಿನಲ್ಲಿ ಇಂಥದ್ದೇ ಆಮೆ ಸಿಕ್ಕಿತ್ತು. ಆಮೆ ಮನೆಗೆ ಬಂದ್ರೆ ಒಳ್ಳೇದಾಗುತ್ತೆ ಅಂತ ಅಮ್ಮ ಕೊಟ್ಟಿಗೆ ಮೂಲೆಯಲ್ಲಿ ಜಾಗ ಮಾಡಿಕೊಟ್ಟರು. ಮಳೆಗಾಲವೆಲ್ಲ ಚೆನ್ನಾಗಿ ಮೇಯ್ದುಕೊಂಡಿತ್ತು. ಪುಷ್ಯ ಮಾಸದ ಚಳಿಗೆ ಮಂಕಾಯಿತು. ನಾನು ಯಾವುದೋ ವಿದೇಶಿ ವಿಡಿಯೋ ನೋಡಿ, ರಟ್ಟಿನ ಪೆಟ್ಟಿಗೆಗೆ ಒಣಹುಲ್ಲು ಹಾಕಿ, ಆಮೆಯನ್ನು ಅದರೊಳಗಿಟ್ಟು ಕತ್ತಲೆ ಕೋಣೆಯಲ್ಲಿ ಇಟ್ಟುಬಿಟ್ಟೆ. ಇಪ್ಪತ್ತು ದಿನ ಕಳೆದ ಮೇಲೆ ತೆರೆದು ನೋಡಿದ್ರೆ ಮೂಗಲ್ಲಿ ಗುಳ್ಳೆ, ಬಾಯಿ ಬಿಟ್ಟು ಉಸಿರಾಟ, ಕಣ್ಣು ಊದಿಕೊಂಡಿತ್ತು. ಕೈಗೆತ್ತಿಕೊಂಡರೆ ಭಾರವೇ ಇರಲಿಲ್ಲ. ಪಶುವೈದ್ಯರು ನೋಡಿ, "ಇದನ್ನ ಯಾರ್ರೀ ಮಲಗಿಸಿದ್ದು? ಇದು ಮಲಗೋ ಜಾತಿ ಅಲ್ಲ" ಅಂದರು. ಔಷಧಿ ಕೊಟ್ಟರು. ಮೂರನೇ ದಿನ ಸತ್ತುಹೋಯಿತು.

ಆ ವಿಡಿಯೋದಲ್ಲಿ ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ಅದು ಬೇರೆ ಜಾತಿಯ ಆಮೆಗೆ ಹೇಳಿದ್ದು. ಯುರೋಪಿನಲ್ಲಿ ಸಾಕುವ ಮೆಡಿಟರೇನಿಯನ್ ಸೀಮೆಯ ಆಮೆಗಳು ಚಳಿಗಾಲದಲ್ಲಿ ನಿಜವಾಗಿಯೂ ದೀರ್ಘ ನಿದ್ರೆಗೆ ಹೋಗುತ್ತವೆ. ಅವನ್ನು ಮಲಗಿಸೋಕೂ ಕ್ರಮ ಇದೆ. ಮೊದಲು ಕೆಲವು ವಾರ ಮೇವು ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸಬೇಕು. ಇಲ್ಲದಿದ್ದರೆ ಒಳಗಿನ ಮೇವು ಜೀರ್ಣವಾಗದೆ ಕೊಳೆಯುತ್ತದೆ. ಆಮೇಲೆ ಸುಮಾರು 5 ಡಿಗ್ರಿ ತಂಪನ್ನು ಏರುಪೇರಿಲ್ಲದೆ ಕಾಯಬೇಕು. ಇದಕ್ಕಾಗಿ ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ. ಆಗಾಗ ತೂಕ ನೋಡಬೇಕು. ಕಾಯಿಲೆ ಬಿದ್ದ ಆಮೆಯನ್ನು ಅಲ್ಲಿಯೂ ಮಲಗಿಸುವುದಿಲ್ಲ.

ನಮ್ಮ ನಕ್ಷತ್ರ ಆಮೆ ಬಯಲುಸೀಮೆಯ ಪ್ರಾಣಿ. ಕುರುಚಲು ಕಾಡು, ಹುಲ್ಲುಗಾವಲು, ಹೊಲದ ಬದು ಇದರ ಮನೆ. ಮಳೆಗಾಲದಲ್ಲಿ ಚುರುಕಾಗಿ ಓಡಾಡುತ್ತದೆ. ಬಿಸಿಲು ಜಾಸ್ತಿಯಾದರೂ, ಚಳಿ ಜಾಸ್ತಿಯಾದರೂ ಪೊದೆಯಡಿ ಸೇರಿ ಸುಮ್ಮನಿರುತ್ತದೆ. ಹೊತ್ತೇರಿದ ಮೇಲೆ ಎದ್ದು ಮೈ ಕಾಯಿಸಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ ನಿದ್ರೆ ಅಲ್ಲ. ಆಮೆಗೆ ತನ್ನದೇ ಮೈಶಾಖ ಇಲ್ಲ, ಹೊರಗಿನ ಬಿಸಿಲೇ ಅದರ ಒಲೆ. ನಮ್ಮ ಕಡೆ ಬೆಳಗಿನ ಜಾವ 13-14 ಡಿಗ್ರಿ ಇದ್ದದ್ದು ಮಧ್ಯಾಹ್ನ 27ಕ್ಕೆ ಏರುತ್ತದೆ. ಅಂಥಲ್ಲಿ ಪೆಟ್ಟಿಗೆಯೊಳಗಿಟ್ಟರೆ ಅದು ಮಲಗುವುದೂ ಇಲ್ಲ, ಮೇಯುವುದೂ ಇಲ್ಲ. ಸುಮ್ಮನೆ ಒಳಗೊಳಗೇ ಸೊರಗುತ್ತದೆ.

"ಕೆರೆ ಬತ್ತಿದಾಗ ಆಮೆ ಕೆಸರಲ್ಲಿ ಹೂತುಕೊಂಡು ತಿಂಗಳುಗಟ್ಟಲೆ ಇರಲ್ವಾ?" ಅಂತ ಕೇಳಬಹುದು. ಇರುತ್ತದೆ. ಆದರೆ ಅದು ನೀರಾಮೆ, ಅದರ ಬದುಕೇ ಬೇರೆ. ಅದೂ ತನ್ನ ಜಾಗ ತಾನೇ ನೋಡಿಕೊಂಡು ಹೂತುಕೊಳ್ಳುತ್ತದೆ, ಯಾರೂ ಮಲಗಿಸುವುದಿಲ್ಲ.

ಹಾಗಾದರೆ ಮನೆಯಲ್ಲೇ ಬೆಚ್ಚಗೆ ಇಟ್ಟು ಸಾಕಬಹುದಾ? ನನ್ನ ಪ್ರಕಾರ ಅದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಇದರ ಕಳ್ಳಸಾಗಣೆ ಎಷ್ಟು ಹೆಚ್ಚಾಯಿತೆಂದರೆ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಲ್ಲೂ ಇದನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದರು. ಕಾನೂನಿನ ಮಾತು ಪಕ್ಕಕ್ಕಿಟ್ಟರೂ, ದನ ಕುರಿಯ ರೋಗ ನಮಗೆ ಗೊತ್ತಾಗುತ್ತದೆ, ಆಮೆಯದು ಗೊತ್ತಾಗಲ್ಲ. ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ.

ಇನ್ನು ಏನು ಮಾಡಬೇಕು ಅಂದರೆ:

ಹೊಲದಲ್ಲಿ ಕಂಡರೆ ಮನೆಗೆ ತರಬೇಡಿ. ಟ್ರ್ಯಾಕ್ಟರ್ ದಾರಿಗೆ ಅಡ್ಡ ಇದ್ದರೆ ಎತ್ತಿ, ಅದೇ ಹೊಲದ ಬದುವಿನ ಪೊದೆಯಡಿ ಬಿಡಿ. ದೂರದ ಕಾಡಿಗೆ ಒಯ್ಯಬೇಡಿ, ಕೆರೆ ಬಾವಿಗಂತೂ ಹಾಕಲೇಬೇಡಿ. ಇದು ನೆಲದ ಆಮೆ, ನೀರಲ್ಲಿ ಮುಳುಗಿ ಸಾಯುತ್ತದೆ.

ಈಗಾಗಲೇ ಮನೆಯಲ್ಲಿದ್ದರೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ ಒಪ್ಪಿಸಿ. ನೀವೇ ಹೊರಗೆ ಬಿಡಬೇಡಿ, ಕಾಯಿಲೆ ಇದ್ದರೆ ಬೇರೆ ಆಮೆಗಳಿಗೂ ಅಂಟಬಹುದು. ಒಪ್ಪಿಸುವವರೆಗೆ ಬೆಳಗಿನ ಬಿಸಿಲು ಬೀಳುವ, ಪಕ್ಕದಲ್ಲೇ ನೆರಳೂ ಇರುವ ಒಣ ಜಾಗದಲ್ಲಿ ಇಡಿ. ಅಗಲ ತಟ್ಟೆಯಲ್ಲಿ ಸ್ವಲ್ಪ ನೀರಿಡಿ. ಅನ್ನ, ಹಾಲು ಕೊಡಬೇಡಿ.

ಬದು ಸ್ವಚ್ಛ ಮಾಡೋ ನೆಪದಲ್ಲಿ ಇರೋ ಪೊದೆಗೆಲ್ಲ ಬೆಂಕಿ ಹಚ್ಚಬೇಡಿ. ಓಡಲಾಗದ ಪ್ರಾಣಿ ಅದು.

ಫೋನ್ ಮಾಡಿದವರಿಗೆ ಇಷ್ಟೆಲ್ಲ ಹೇಳಿದ ಮೇಲೆ, "ಕೇಸ್ ಹಾಕ್ತಾರೇನೋ ಅಣ್ಣಾ" ಅಂದರು. ಆ ಭಯ ಸಹಜ. ಎಷ್ಟೋ ಆಮೆಗಳು ಮನೆಯ ಮೂಲೆಯಲ್ಲೇ ಉಳಿದುಬಿಡುವುದು ಈ ಭಯದಿಂದಲೇ. "ಮುಚ್ಚಿಟ್ಟಷ್ಟೂ ಕಷ್ಟ ಕಣಪ್ಪಾ, ನಾನೂ ಜೊತೆಗೆ ಬರ್ತೀನಿ" ಅಂದೆ. ಮರುದಿನ ಇಬ್ಬರೂ ಹೋದೆವು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಬರೆಸಿಕೊಂಡು ಆಮೆಯನ್ನು ತೆಗೆದುಕೊಂಡರು. ಅವರ ಚಿಕ್ಕ ಮಗಳು ಅತ್ತಳಂತೆ. ಮುಂದಿನ ಮಳೆಗಾಲದಲ್ಲಿ ಹೊಲದಲ್ಲೇ ಇನ್ನೊಂದು ಕಂಡರೆ ಅಲ್ಲೇ ನಿಂತು ನೋಡಲಿ. ಅದಕ್ಕಾದರೂ ಬದುವಿನ ನಾಲ್ಕು ಪೊದೆ ಉಳಿಸಿ ಅಂತ ಹೇಳಿ ಬಂದಿದ್ದೇನೆ.