ಅತಿಥಿಗಳಿಗೆ ಮುಂಬಯಿಯನ್ನು ತೋರಿಸುವ ಬಗೆ

ಮುಂಬಯಿಯ ಕನ್ನಡ ಸಂಘಗಳ ಕಾರ್ಯಕ್ರಮಗಳಿಗೆ ಊರಿನಿಂದ ಸಾಹಿತಿಗಳು, ಕಲಾವಿದರು ಬರುತ್ತಲೇ ಇರುತ್ತಾರೆ. ಊಟ, ವಸತಿ, ಶಾಲು, ಸ್ಮರಣಿಕೆ ಯಾವುದರಲ್ಲೂ ನಾವು ಕೊರತೆ ಮಾಡುವುದಿಲ್ಲ. ಊರಿನ ಪರಿಚಯ ಮಾತ್ರ ಸ್ವಾಗತ ಭಾಷಣದ ‘ಮಾಯಾನಗರಿ’ ಎಂಬ ಮಾತಿಗೆ ಮುಗಿದುಹೋಗುತ್ತದೆ. ಕೊನೆಯ ದಿನ ಹೊತ್ತು ಉಳಿದರೆ ಗೇಟ್‌ವೇ, ಮರೀನ್ ಡ್ರೈವ್, ಆಮೇಲೆ ರೈಲು. ಈ ಕ್ರಮ ಬದಲಾಗಬೇಕು. ಅತಿಥಿ ವೇದಿಕೆ ಹತ್ತುವ ಮೊದಲೇ ಅರ್ಧ ದಿನ ಊರು ನೋಡಲಿ. ಆಗ ಅವರು ಆಡುವ ಮಾತೂ ಬೇರೆಯಾಗುತ್ತದೆ.

ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ 1935ರಲ್ಲಿ ಎನ್.ಎಸ್. ಸುಬ್ಬರಾಯರ ಅಧ್ಯಕ್ಷತೆಯಲ್ಲಿ, 1951ರಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ನಡೆಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಂದ ಅದಕ್ಕೆ ಬಂದವರ ಪಾಲಿಗೆ ಇದು ಅವರದೇ ರಾಜಧಾನಿ. 1956ರ ಏಕೀಕರಣದವರೆಗೂ ಅವರ ಸರ್ಕಾರ, ಹೈಕೋರ್ಟು ಇಲ್ಲೇ ಇದ್ದವು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ತನಕ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯ. ಫೋರ್ಟಿನಲ್ಲಿ ಅದರ ರಾಜಾಬಾಯಿ ಗೋಪುರದ ಕೆಳಗೆ ಅತಿಥಿಯನ್ನು ನಿಲ್ಲಿಸಿ ಇಷ್ಟು ಹೇಳಿದರೂ, ತಮ್ಮ ಅಜ್ಜನ ಪದವಿ ಪತ್ರ ಎಲ್ಲಿಂದ ಬಂತೆಂದು ಅವರಿಗೆ ಹೊಳೆಯುತ್ತದೆ.

ನನ್ನ ಮಟ್ಟಿಗೆ ಮೊದಲು ಕರೆದೊಯ್ಯಬೇಕಾದದ್ದು ಕಾನ್ಹೇರಿಗೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ ಒಂದೇ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಶಾತವಾಹನರ ಕಾಲದಿಂದ ಶತಮಾನಗಳುದ್ದಕ್ಕೂ ಭಿಕ್ಷುಗಳು ಇಲ್ಲಿ ಬಾಳಿದರು. ಗುಹೆಗಳ ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು, ಮಳೆನೀರು ಅವುಗಳಿಗೆ ಹರಿದುಬರಲು ಕಾಲುವೆಗಳು. ಗುಹೆ, ತೊಟ್ಟಿಗಳನ್ನು ಮಾಡಿಸಿಕೊಟ್ಟ ಸೋಪಾರ, ಕಲ್ಯಾಣಗಳ ವರ್ತಕರ ಹೆಸರು ಗೋಡೆಗಳ ಮೇಲಿದೆ. ನಾವು ಲೋಕಲ್ ರೈಲಿನಲ್ಲಿ ದಿನವೂ ಓದುವ ನಿಲ್ದಾಣಗಳ ಹೆಸರಿಗೆ ಅಷ್ಟು ವಯಸ್ಸು.

11ನೇ ಗುಹೆಯನ್ನು ದರ್ಬಾರ್ ಎನ್ನುತ್ತಾರೆ. ನೆಲದಲ್ಲಿ ಎರಡು ಉದ್ದನೆಯ ಕಲ್ಲಿನ ಜಗಲಿಗಳು. ಅಲ್ಲಿರುವ 9ನೇ ಶತಮಾನದ ಸಂಸ್ಕೃತ ಶಾಸನದಲ್ಲಿ ಚಕ್ರವರ್ತಿಯೆಂದು ಹೆಸರಿಸಿರುವುದು ಅಮೋಘವರ್ಷನನ್ನು. ನಮ್ಮ ‘ಕವಿರಾಜಮಾರ್ಗ’ದ ನೃಪತುಂಗನೇ ಆತ! ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಕಪರ್ದಿ ಅವನ ಸಾಮಂತ. ಅದೇ ಕಾಲದ ಇನ್ನೊಂದು ಶಾಸನದಲ್ಲಿ ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ ಹಣ ಕೊಟ್ಟ ಜೊತೆಗೆ ಪುಸ್ತಕಗಳಿಗೂ ಸ್ವಲ್ಪ ತೆಗೆದಿರಿಸಿದ್ದಾರೆ. ಸಾಹಿತ್ಯ ಸಮ್ಮೇಳನಕ್ಕೆಂದು ಬಂದವರಿಗೆ ಇದಕ್ಕಿಂತ ಹತ್ತಿರದ ಸಂಗತಿ ಬೇರೇನಿದೆ? ಹತ್ತನೇ ಶತಮಾನ ಕಳೆದ ಮೇಲೆ ಇಲ್ಲಿಗೆ ಬಂದ ಪಾರಸಿಗಳೂ ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಅದನ್ನೂ ತೋರಿಸಬೇಕು. ನಮ್ಮವರ ಗುರುತನ್ನಷ್ಟೇ ತೋರಿಸಿದರೆ ಈ ಊರಿಗೆ ಅನ್ಯಾಯ. ಕೋಳಿವಾಡಗಳ ಮೀನುಗಾರರು ನಮಗಿಂತ ಎಷ್ಟೋ ಮೊದಲಿನಿಂದ ಇಲ್ಲಿದ್ದವರು.

ಅಭಿಮಾನದಲ್ಲಿ ಹದ ತಪ್ಪಲೂಬಾರದು. ಇಮ್ಮಡಿ ಪುಲಕೇಶಿ ಹಡಗುಗಳಿಂದ ಮುತ್ತಿದ ‘ಪುರಿ’ಯ ವಿಷಯ 634ರ ಐಹೊಳೆ ಶಾಸನದಲ್ಲಿದೆ. ಅದು ಘಾರಾಪುರಿ, ಅಂದರೆ ಎಲಿಫೆಂಟಾ, ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ, ಎಲ್ಲರೂ ಒಪ್ಪಿಲ್ಲ. ಅತಿಥಿಗೆ ಹೇಳುವಾಗ ಊಹೆಯನ್ನು ಊಹೆ ಎಂದೇ ಹೇಳೋಣ.

ಮಧ್ಯಾಹ್ನಕ್ಕೆ ಮಾಟುಂಗ. 1896ರ ಪ್ಲೇಗಿನ ನಂತರ, ಕಿಕ್ಕಿರಿದ ಹಳೆಯ ಊರಿನ ಹೊರಗೆ ಯೋಜಿಸಿ ಕಟ್ಟಿದ ಬಡಾವಣೆಗಳಲ್ಲಿ ಇದೂ ಒಂದು. ದಕ್ಷಿಣದಿಂದ ಬಂದ ಗುಮಾಸ್ತರು, ಅಧ್ಯಾಪಕರು ಇಲ್ಲಿ ಬೇರುಬಿಟ್ಟರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಇಲ್ಲಿ. ರೈಲು ಹಳಿಯ ಆಚೆ ಬದಿಗೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ.

ಆದರೆ ಮುಂಬಯಿ ಕನ್ನಡಿಗರ ನಿಜವಾದ ಚರಿತ್ರೆ ಕಟ್ಟಡಗಳಿಗಿಂತ ಹೆಚ್ಚಾಗಿ ರಾತ್ರಿ ಶಾಲೆಗಳಲ್ಲಿದೆ. ಕರಾವಳಿಯಿಂದ ಹಡಗು ಹತ್ತಿ ಬಂದ ಹುಡುಗರು ಹಗಲಿಡೀ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಕೈಕಾಲು ತೊಳೆದು ಫೋರ್ಟಿನ ತರಗತಿಗಳಲ್ಲಿ ಕೂತು ಕನ್ನಡದಲ್ಲಿ ಓದಿದರು. ಹಾಗೆ ಓದಿದವರು ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಸಂಘ ಕಟ್ಟಿದರು. ಅವರಲ್ಲಿ ಅನೇಕರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಸಭೆಯ ಮುಂದಿನ ಸಾಲಿನಲ್ಲಿ ಕೂರಿಸಿ ಹೂ ಕೊಟ್ಟು ಕಳಿಸುವ ಬದಲು, ಫೋರ್ಟಿನ ಆ ಗಲ್ಲಿಗಳಲ್ಲಿ ಅತಿಥಿಗಳ ಜೊತೆ ನಡೆಯಲು ಅವರನ್ನು ಕೇಳಿಕೊಳ್ಳೋಣ. ನಡೆಯಲಾಗದವರಿಗೆ ಒಂದು ಕಾರು ಗೊತ್ತುಮಾಡೋಣ. ಯಾವ ಹೋಟೆಲಿನ ಹಿಂಬದಿಯಲ್ಲಿ ಮಲಗುತ್ತಿದ್ದೆವು, ಯಾವ ದೀಪದ ಕೆಳಗೆ ಓದಿದೆವು, ಯಾವ ಮೇಷ್ಟ್ರು ಫೀಸು ಕಟ್ಟಿದರು ಎಂಬುದನ್ನು ಹೇಳಬಲ್ಲವರು ಅವರು ಮಾತ್ರ. ಮುಂದಿನ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಸಂಘದವರು ಅವರ ಮನೆಗೆ ಹೋಗಿ ಮಾತಾಡಿಸಿ, ಅವರ ಹೆಸರನ್ನು ಕಾರ್ಯಕ್ರಮದ ಮೊದಲ ಸಾಲಿನಲ್ಲೇ ಹಾಕಬೇಕು.