ಹಿಂದಿನ ಸೀಟಿನ ಲೆಕ್ಕ

ಮಕ್ಕಳೇ, ಬೈಕಿನ ಶಬ್ದ ಕೇಳಿಯೇ ಅದರ ಹೆಸರು ಹೇಳುವ ವಿದ್ಯೆ ನಿಮಗೆ ಉಂಟು, ನಿಮ್ಮ ಅಜ್ಜಂದಿರಿಗೆ ಇಲ್ಲ. ನಮ್ಮ ಕಾಲದಲ್ಲಿ ಬೈಕುಗಳಲ್ಲಿ ಎರಡೇ ಜಾತಿ: ಸ್ಟಾರ್ಟ್ ಆಗುವುದು, ಸ್ಟಾರ್ಟ್ ಆಗದ್ದು. ಈಗ ಶೋರೂಮಿಗೆ ಹೋದರೆ ಕಮ್ಯೂಟರ್, ಸ್ಪೋರ್ಟ್ಸ್, ಕ್ರೂಸರ್, ಅಡ್ವೆಂಚರ್, ಟೂರಿಂಗ್ ಎಂದು ಐದಾರು ಪಂಗಡ. ಇವುಗಳಲ್ಲಿ ಕೊನೆಯದರ ಲೆಕ್ಕವನ್ನು ಈ ವಾರ ಬಿಡಿಸೋಣ. ಯಾವ ಬೈಕಿಗೆ ‘ಟೂರಿಂಗ್ ಬೈಕ್’ ಅನ್ನಬೇಕು? ದೊಡ್ಡ ಇಂಜಿನ್ ಇದ್ದದ್ದಕ್ಕೋ, ಎರಡೂ ಬದಿಗೆ ಪೆಟ್ಟಿಗೆ ಕಟ್ಟಿದ್ದಕ್ಕೋ, ಬೆಲೆ ಜಾಸ್ತಿ ಇದ್ದದ್ದಕ್ಕೋ?

ನಮ್ಮ ಬೆಂಗ್ರೆಯವರಿಗೆ ಇದರ ಅರ್ಧ ಉತ್ತರ ಧಕ್ಕೆಯಲ್ಲೇ ಸಿಗುತ್ತದೆ. ಬೆಂಗ್ರೆ ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಚಾಚಿದ ಮರಳಿನ ನಾಲಗೆ ನಮ್ಮ ಊರು. ನದಿಯ ಆಚೆ ದಡದಲ್ಲೇ ಮಂಗಳೂರಿನ ಹಳೆ ಬಂದರು. ಫೆರಿ ಬೋಟಿನಲ್ಲಿ ಕೆಲವೇ ನಿಮಿಷದ ದಾರಿ. ರಸ್ತೆಯಲ್ಲೇ ಹೋಗುತ್ತೇನೆ ಎಂದರೆ ತಣ್ಣೀರುಬಾವಿ, ಕೂಳೂರು ಸೇತುವೆ ಎಂದು ಹತ್ತು ಕಿಲೋಮೀಟರಿಗೂ ಹೆಚ್ಚು ಸುತ್ತಬೇಕು. ಹಾಗಾಗಿ ನಮ್ಮಲ್ಲಿ ಬೈಕಿನಲ್ಲಿ ಪೇಟೆಗೆ ಹೋಗಿ ಬಂದವನನ್ನು ‘ಟೂರು ಮುಗಿಯಿತಾ ಮಾರಾಯ?’ ಎಂದು ಕೇಳುವುದುಂಟು.

ನಮ್ಮಲ್ಲಿ ನಾಡದೋಣಿ ಬೆಳಕು ಹರಿಯುವ ಮೊದಲು ಹೋಗಿ ಅದೇ ದಿನ ತಿರುಗಿ ಬರುತ್ತದೆ. ಆಳಸಮುದ್ರದ ಟ್ರಾಲ್ ಬೋಟು ಹೋದರೆ ಹತ್ತು ದಿನ ಕಾಣಿಸುವುದಿಲ್ಲ. ಎರಡಕ್ಕೂ ಏನು ವ್ಯತ್ಯಾಸ? ಬಣ್ಣವಲ್ಲ, ಮೇಲೆ ಕಟ್ಟಿದ ಬಾವುಟವೂ ಅಲ್ಲ. ಟ್ರಾಲ್ ಬೋಟಿನಲ್ಲಿ ಹತ್ತು ದಿನಕ್ಕೆ ಸಾಕಾಗುವ ಡೀಸೆಲ್, ಮಂಜುಗಡ್ಡೆ, ಕುಡಿಯುವ ನೀರು, ಅಕ್ಕಿ ಸಾಮಾನು ತುಂಬಲು ಜಾಗ ಉಂಟು. ಗಂಜಿ ಬೇಯಿಸಲು ಒಲೆ, ಪಾಳಿಯಲ್ಲಿ ಮಲಗಲು ಜಾಗ ಉಂಟು. ನಡು ಸಮುದ್ರದಲ್ಲಿ ಇಂಜಿನ್ ನಿಂತರೆ ಬಿಚ್ಚಿ ನೋಡಲು ಸ್ಪ್ಯಾನರ್ ಉಂಟು. ಅಂದರೆ, ಹೋದವರು ಅಷ್ಟು ದಿನ ಅದರಲ್ಲಿ ಇರಬಹುದು, ಇದ್ದು ಕೆಲಸ ಮಾಡಬಹುದು, ಕ್ಷೇಮವಾಗಿ ತಿರುಗಿ ಬರಬಹುದು.

ಬೈಕಿನ ಲೆಕ್ಕವೂ ಇದೇ. ಮೊದಲನೆಯದು ಕೂರುವ ರೀತಿ. ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ತಗ್ಗು, ಕಾಲಿಡುವ ಜಾಗ ಹಿಂದೆ. ಸವಾರ ಟ್ಯಾಂಕಿನ ಮೇಲೆ ಬಾಗಿ, ಮೈಭಾರವನ್ನು ಮಣಿಕಟ್ಟಿನ ಮೇಲೆ ಹಾಕಬೇಕಾಗುತ್ತದೆ. ಅರ್ಧ ಗಂಟೆಗೆ ಚಂದ, ಆರು ಗಂಟೆಗೆ ಶಿಕ್ಷೆ. ದೂರದ ಬೈಕಿನಲ್ಲಿ ಹ್ಯಾಂಡಲ್ ಎತ್ತರದಲ್ಲಿರುತ್ತದೆ. ಸವಾರ ಊಟದ ಮಣೆಯ ಮೇಲೆ ಕೂತ ಹಾಗೆ ನೆಟ್ಟಗೆ ಕೂರುತ್ತಾನೆ.

ಎರಡನೆಯದು ಟ್ಯಾಂಕು. 2016ರಲ್ಲಿ ಬಂದ ಮೊದಲ ಹಿಮಾಲಯನ್ ಬೈಕಿಗೆ 15 ಲೀಟರಿನ ಟ್ಯಾಂಕು ಇತ್ತು. ಲೀಟರಿಗೆ 30 ಕಿಲೋಮೀಟರ್ ಎಂದು ಹಿಡಿದರೂ 450 ಕಿಲೋಮೀಟರ್ ಆಯಿತು. ಪೆಟ್ರೋಲ್ ಬಂಕು ಕಾಣದ ದಾರಿಯಲ್ಲಿ ಇದು ಟ್ರಾಲ್ ಬೋಟಿನ ಡೀಸೆಲ್ ಟ್ಯಾಂಕಿನ ಹಾಗೆ.

ಮೂರನೆಯದು ಇಂಜಿನ್. ಇಲ್ಲಿ ಸಿಸಿಗೆ ಸ್ವಲ್ಪ ಬೆಲೆ ಉಂಟು. ಸಣ್ಣ ಇಂಜಿನ್ನಿನ ಬೈಕು ಎಂಬತ್ತರ ವೇಗಕ್ಕೆ ತನ್ನ ಶಕ್ತಿಯನ್ನೆಲ್ಲ ಹಾಕಿ ಕಿರುಚುತ್ತದೆ, ಆ ನಡುಕಕ್ಕೆ ಸವಾರನ ಅಂಗೈ ಜೋಮು ಹಿಡಿಯುತ್ತದೆ. ದೊಡ್ಡ ಇಂಜಿನ್ ಅದೇ ವೇಗದಲ್ಲಿ ಉಸಿರು ಕಟ್ಟದೆ ಓಡುತ್ತದೆ. ದಿನವಿಡೀ ಓಡಬೇಕಾದವನಿಗೆ ಬೇಕಾದ್ದು ಈ ನಿರಾಳ.

ನಾಲ್ಕನೆಯದು ಹೊರುವ ಶಕ್ತಿ, ಐದನೆಯದು ದಾರಿಯಲ್ಲಿ ರಿಪೇರಿಗೆ ಒಗ್ಗುವ ಗುಣ. ಇವೆರಡನ್ನು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವುದು ಅಪರೂಪ.

ಈ ಪಂಗಡವನ್ನು ಕಂಪನಿಗಳು ತಾವೇ ಕೂತು ಹುಟ್ಟಿಸಿದ್ದೂ ಅಲ್ಲ. ಜಪಾನಿನ ಹೋಂಡಾ ಕಂಪನಿಯ ‘ಗೋಲ್ಡ್ ವಿಂಗ್’ ಇಂದು ಟೂರಿಂಗ್ ಬೈಕುಗಳ ಪಟ್ಟದಾನೆ: 1833 ಸಿಸಿ, ಆರು ಸಿಲಿಂಡರ್, ಕಾರಿಗಿದ್ದ ಹಾಗೆ ಹಿಂದೆ ಹೋಗುವ ವ್ಯವಸ್ಥೆ, ಹಿಂದೆ ಕೂತವರಿಗೆ ಸೋಫಾದಂಥ ಸೀಟು. ಆದರೆ 1975ರಲ್ಲಿ ಅದು ಮೊದಲು ರಸ್ತೆಗೆ ಬಂದಾಗ ಗಾಳಿ ತಡೆಯುವ ಗಾಜಿರಲಿಲ್ಲ, ಸಾಮಾನಿನ ಪೆಟ್ಟಿಗೆಯೂ ಇರಲಿಲ್ಲ. ಅಮೆರಿಕದಲ್ಲಿ ಅದನ್ನು ಕೊಂಡವರು ಬೇರೆಯವರು ಮಾಡಿದ ಗಾಜು, ಪೆಟ್ಟಿಗೆಗಳನ್ನು ತಂದು ಜೋಡಿಸಿಕೊಂಡು ಊರೂರು ತಿರುಗಿದರು. ಅದನ್ನು ನೋಡಿ ಕಂಪನಿ 1980ರಲ್ಲಿ ಅವನ್ನೆಲ್ಲ ತಾನೇ ಜೋಡಿಸಿ ಮಾರತೊಡಗಿತು. ದೂರ ಹೋಗುವವರು ಮೊದಲು ಹೊರಟರು, ಬೈಕು ಅವರ ಹಿಂದೆ ಬಂತು.

ನಮ್ಮ ರಾಜ್ಯದಲ್ಲೂ ಹಾಗೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಬಂದವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಒಂದೇ ಸನ್ನೆಯಲ್ಲಿ ಕಿಕ್ಕೂ ಹೊಡೆಯಬೇಕು, ಗೇರೂ ಹಾಕಬೇಕು. ಅದಕ್ಕೆ ಯಾರೂ ಟೂರಿಂಗ್ ಬೈಕ್ ಎಂದು ಹೆಸರಿಡಲಿಲ್ಲ. ಆದರೂ ಅಜ್ಜಂದಿರನ್ನು ಕೇಳಿ ನೋಡಿ: ಅದರ ಮೇಲೆ ಘಟ್ಟ ಹತ್ತಿ ಮದುವೆಗೆ ಹೋದವರು, ಅಜ್ಜಿಯನ್ನು ಕೂರಿಸಿಕೊಂಡು ಕ್ಷೇತ್ರಕ್ಕೆ ಹೋದವರು ಎಷ್ಟು ಮಂದಿ ಸಿಗುತ್ತಾರೆ!

ಇನ್ನು ಲೆಕ್ಕದ ಗಟ್ಟಿ ಭಾಗಕ್ಕೆ ಬರುತ್ತೇನೆ. ನಮ್ಮ ಓಣಿಯಲ್ಲಿ ಟ್ರಾಲ್ ಬೋಟಿಗೆ ಹೋಗುವ ಹುಡುಗನೊಬ್ಬ ಇದ್ದಾನೆ. ತಂದೆ ಇಲ್ಲ. ತಾಯಿ ಫೆರಿ ದಾಟಿ ಹೋಗಿ ಪೇಟೆಯಲ್ಲಿ ಮೀನು ಮಾರುತ್ತಾರೆ. ಈ ವರ್ಷ ಯುಗಾದಿ ಕಳೆದ ಮೇಲೆ ಅವನು ಸಾಲದ ಅರ್ಜಿ ಹಿಡಿದುಕೊಂಡು ಬಂದ. “ಬ್ಯಾಂಕ್ ಅಜ್ಜ, ಇದೊಂದು ತುಂಬಿಸಿ ಕೊಡಿ. ಟೂರಿಂಗ್ ಬೈಕ್ ತೆಗೆಯುವುದು ಅಂತ ಉಂಟು” ಎಂದ. ಮೂರು ಲಕ್ಷ ಚಿಲ್ಲರೆಯ ಬೈಕು. ಸಾಲ ಎರಡೂವರೆ ಲಕ್ಷ. ಉಳಿದದ್ದಕ್ಕೆ ಅಮ್ಮನ ಎರಡು ಬಳೆ ಅಡವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಆ ರಜೆಯಲ್ಲಿ ಗೆಳೆಯರೊಟ್ಟಿಗೆ ಲಡಾಖಿಗೆ ಹೋಗುವುದು, ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಊರೂರು ತೋರಿಸುವುದು. ಅವನು ಹೇಳಿದ್ದರಲ್ಲಿ ಕಪಟ ಇರಲಿಲ್ಲ.

ನಾನು ಬಿ.ಕಾಂ. ಓದಿದ ಗುಮಾಸ್ತ. ಕೈಗೆ ಪೆನ್ಸಿಲ್ ಬಂದರೆ ಲೆಕ್ಕ ತಾನಾಗಿ ಹೊರಡುತ್ತದೆ. ಎರಡೂವರೆ ಲಕ್ಷಕ್ಕೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, ಮೂರು ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 8,300 ರೂಪಾಯಿ. “ಕಟ್ಟುತ್ತೇನೆ ಅಜ್ಜ” ಎಂದ. “ಸಮುದ್ರಕ್ಕೆ ರಜೆ ಉಂಟು, ಕಂತಿಗೆ ರಜೆ ಉಂಟಾ?” ಎಂದು ಕೇಳಿದೆ. ಮೂರು ವರ್ಷದ 36 ತಿಂಗಳಲ್ಲಿ ಆರು ತಿಂಗಳು ಅವನಿಗೆ ಪಾಲಿನ ದುಡ್ಡು ಬರುವುದಿಲ್ಲ. ಒಟ್ಟು ಕಟ್ಟಬೇಕಾದ 2,98,800ನ್ನು ದುಡಿಯುವ 30 ತಿಂಗಳಿಗೆ ಹಂಚಿದರೆ ತಿಂಗಳಿಗೆ 9,960 ಆಯಿತು. ಕಾಗದದಲ್ಲಿ 8,300, ಜೇಬಿನಿಂದ ಹತ್ತಿರ ಹತ್ತಿರ ಹತ್ತು ಸಾವಿರ. ಪೆಟ್ರೋಲು ಇನ್ನೂ ಹಾಕಿಲ್ಲ.

ಹುಡುಗ ಸುಮ್ಮನೆ ಕೂತ. ಬೇಡ ಎಂದು ನಾನು ಹೇಳಲಿಲ್ಲ. ಪ್ರಾಯದಲ್ಲಿ ದೂರ ಹೋಗುವ ಆಸೆ ಇರಬೇಕು. “ಬಳೆ ಅಮ್ಮನದ್ದು, ಹಿಂದಿನ ಸೀಟೂ ಅಮ್ಮನದ್ದು ಎನ್ನುತ್ತೀ. ಹಾಗಾದರೆ ಮೊದಲು ಈಗ ಇರುವ ಬೈಕಿನಲ್ಲಿ ಅವರನ್ನು ಆಗುಂಬೆಗೆ ಕರೆದುಕೊಂಡು ಹೋಗಿ ಬಾ. ಏನು ಸಾಲದು ಎಂದು ಅವರೇ ಹೇಳಲಿ” ಎಂದೆ. ಅವನಲ್ಲಿ ಆರು ವರ್ಷ ಹಳೆಯ 150 ಸಿಸಿ ಬೈಕು ಉಂಟು.

ಬೋಟು ಧಕ್ಕೆಗೆ ಬಂದು ಎರಡು ದಿನ ಬಿಡುವಾದಾಗ ತಾಯಿ, ಮಗ ಹೊರಟರು. ಕಾರ್ಕಳ, ಹೆಬ್ರಿ, ಸೋಮೇಶ್ವರ, ಆಮೇಲೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವು. ಹೋಗುವ ದಾರಿಯೇ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮರುದಿನ ಆ ತಾಯಿ ನಮ್ಮ ಜಗಲಿಯಲ್ಲಿ ಕೂತು ವರದಿ ಒಪ್ಪಿಸಿದರು. “ಅಣ್ಣ, ಅವನು ಮುಂದೆ ಕೂತವನು, ಅವನಿಗೆ ಹೊಂಡ ಕಾಣುತ್ತದೆ. ನನಗೆ ಕಾಣುವುದು ಅವನ ಬೆನ್ನು ಮಾತ್ರ. ಹೊಂಡ ಬಂದದ್ದು ಬಿದ್ದ ಮೇಲೆ ಗೊತ್ತಾಗುವುದು!”

ಮಕ್ಕಳೇ, ಯಾವ ಪುಸ್ತಕದಲ್ಲಿ ಹುಡುಕಿದರೂ ಇದಕ್ಕಿಂತ ಸರಿಯಾದ ಮಾತು ಸಿಗಲಿಕ್ಕಿಲ್ಲ. ಸವಾರನಿಗೆ ಹೊಂಡ ಮೊದಲೇ ಕಾಣುವುದರಿಂದ ಮೈ ಬಿಗಿ ಹಿಡಿಯುತ್ತಾನೆ, ಬೇಕಾದರೆ ಕಾಲೂರಿ ಸೀಟಿನಿಂದ ಸ್ವಲ್ಪ ಏಳುತ್ತಾನೆ. ಅವನಿಗೆ ಹಿಡಿಯಲು ಹ್ಯಾಂಡಲ್ ಉಂಟು. ಹಿಂದೆ ಕೂತವರು ಇರುವುದು ಹಿಂದಿನ ಚಕ್ರದ ಹತ್ತಿರ ಹತ್ತಿರ ನೆತ್ತಿಯ ಮೇಲೆ, ಆದ್ದರಿಂದ ಪೆಟ್ಟು ನೆಟ್ಟಗೆ ಬೆನ್ನಿಗೆ. ಒಂದೇ ಬೈಕು, ಒಂದೇ ದಾರಿ, ಆದರೆ ಇಬ್ಬರ ಪ್ರಯಾಣ ಬೇರೆ ಬೇರೆ. ಮುಂದೆ ಕೂತವನಿಗೆ ಮಾತ್ರ ಸುಖವಾದರೆ ಅದು ಅರ್ಧ ಟೂರಿಂಗ್ ಬೈಕು.

ತಾಯಿಯ ದೂರು ಮೂರು: ಕಾಲಿಡುವ ಜಾಗ ಎತ್ತರವಾಗಿ ಮಂಡಿ ಮಡಚಿ ನೋಯುತ್ತದೆ, ಹಿಂದೆ ಒರಗಲು ಏನೂ ಇಲ್ಲ, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಸಿಸಿ ಸಾಲದು ಎಂದು ಅವರು ಹೇಳಲೇ ಇಲ್ಲ. ಹುಡುಗ ಸೀಟಿಗೆ ಹೊಸ ಸ್ಪಂಜು ಹಾಕಿಸಿದ. ಹಿಂದೆ ಒರಗುವ ಕಂಬಿ ಮತ್ತು ಸಾಮಾನು ಕಟ್ಟುವ ಕ್ಯಾರಿಯರ್ ಕೂರಿಸಿದ. ಹಿಂದಿನ ಟಯರಿಗೆ, ಇಬ್ಬರು ಕೂತಾಗ ಎಷ್ಟು ಗಾಳಿ ಬೇಕೆಂದು ಕೈಪಿಡಿಯಲ್ಲಿ ಬರೆದಿತ್ತೋ ಅಷ್ಟು ತುಂಬಿಸಿದ. ನಮ್ಮ ಉಪ್ಪು ಗಾಳಿಗೂ ಮರಳಿಗೂ ತುಕ್ಕು ಹಿಡಿದಿದ್ದ ಚೈನನ್ನು ಬದಲಾಯಿಸಿದ. ಎಲ್ಲ ಸೇರಿ ಒಂದು ತಿಂಗಳ ಕಂತಿಗಿಂತ ಕಡಿಮೆ. ಮಂಡಿಯ ಸಮಸ್ಯೆ ಮಾತ್ರ ಉಳಿದಿದೆ. ಅದಕ್ಕೆ ಮುಕ್ಕಾಲು ಗಂಟೆಗೊಮ್ಮೆ ಇಳಿದು ನಡೆಯುವುದೇ ಮದ್ದು.

ಲಡಾಖಿನ ಆಸೆ ಅವನಿಗೆ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ದೊಡ್ಡ ಬೈಕು ಸುಳ್ಳು ಎಂದು ನಾನು ಹೇಳುವುದೂ ಅಲ್ಲ. ಮೂರು ಸಾವಿರ ಕಿಲೋಮೀಟರಿನ ದಾರಿಗೆ ನಿರಾಳವಾದ ಇಂಜಿನ್, ದೊಡ್ಡ ಟ್ಯಾಂಕು ಇದ್ದರೆ ಒಳ್ಳೆಯದೇ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ತಿಂಗಳಿಗೆ ಹತ್ತು ಸಾವಿರವನ್ನು ಆರು ತಿಂಗಳು ಬೇರೆ ಖಾತೆಗೆ ಹಾಕಿ ನೋಡು, ಕೈಗೆ ಭಾರವಾಗದಿದ್ದರೆ ಅರ್ಜಿ ತುಂಬಿಸೋಣ ಎಂದಿದ್ದೇನೆ. ಅರ್ಜಿ ಅವನ ಬ್ಯಾಗಿನಲ್ಲಿ ಉಂಟು, ಬಳೆ ತಾಯಿಯ ಕೈಯಲ್ಲಿ ಉಂಟು.

ಹಿಂದಿನ ಸೀಟಿನ ಲೆಕ್ಕವನ್ನು ದೇಶಕ್ಕೇ ತೋರಿಸಿಕೊಟ್ಟವರು ಮೈಸೂರಿನವರು. ಡಿ. ಕೃಷ್ಣಕುಮಾರ್ ಕಂಪನಿ ಕೆಲಸದಲ್ಲಿದ್ದವರು. ಸಂಸಾರದ ಕೆಲಸದಲ್ಲೇ ಬದುಕು ಸವೆಸಿದ ತಾಯಿ ಚೂಡಾರತ್ನಮ್ಮನವರು ಹತ್ತಿರದ ಕ್ಷೇತ್ರಗಳನ್ನೂ ನೋಡಿಲ್ಲ ಎಂದು ತಿಳಿದಾಗ ಅವರು ಕೆಲಸ ಬಿಟ್ಟರು. 2018ರ ಜನವರಿಯಲ್ಲಿ ತಾಯಿಯನ್ನು ಕೂರಿಸಿಕೊಂಡು ಮೈಸೂರಿನಿಂದ ಹೊರಟರು. ಅದಕ್ಕೆ ‘ಮಾತೃ ಸೇವಾ ಸಂಕಲ್ಪ ಯಾತ್ರೆ’ ಎಂದು ಹೆಸರು. ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಸೇರಿಸಿ 2020ರ ಹೊತ್ತಿಗೆ 56,000 ಕಿಲೋಮೀಟರಿಗೂ ಹೆಚ್ಚು ಸುತ್ತಿದರು. ಯಾವ ಬೈಕಿನಲ್ಲಿ ಎನ್ನುತ್ತೀರಾ? ಬೈಕೇ ಅಲ್ಲ. ತಂದೆ ಕೊಡಿಸಿದ್ದ, 2000ನೇ ಇಸವಿಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ!

ಭಾವನೆಯನ್ನು ಸ್ವಲ್ಪ ಬದಿಗಿಟ್ಟು, ಆ ಸ್ಕೂಟರನ್ನು ನಮ್ಮ ಐದು ಅಳತೆಗೆ ಹಿಡಿದು ನೋಡಿ. ಇಂಜಿನ್ ಸುಮಾರು 145 ಸಿಸಿ, ವೇಗದಲ್ಲಿ ಸೊನ್ನೆ ಅಂಕ. ಚಕ್ರ ಚಿಕ್ಕದು, ಹೊಂಡಕ್ಕೆ ಬೇಗ ಇಳಿಯುತ್ತದೆ, ಅಲ್ಲೂ ಅಂಕ ಕಡಿಮೆ. ಆದರೆ ಸವಾರ ನೆಟ್ಟಗೆ ಕೂರುತ್ತಾನೆ. ಮುಂದಿನ ತಗಡು ಮಳೆನೀರನ್ನೂ ಕೆಸರನ್ನೂ ತಡೆಯುತ್ತದೆ. ಕಾಲಿನ ಹತ್ತಿರ ಚೀಲ ಇಡಲು ಜಾಗ ಉಂಟು. ಮೇಲಿನಿಂದ ಒಂದು ಸ್ಟೆಪ್ನಿ! ಎರಡೂ ಚಕ್ರ ಒಂದೇ ಅಳತೆಯವು. ಪಂಕ್ಚರ್ ಆದರೆ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿ ಮುಂದೆ ಹೋಗಬಹುದು. ಲಕ್ಷ ಲಕ್ಷ ಬೆಲೆಯ ಎಷ್ಟೋ ಬೈಕುಗಳಲ್ಲಿ ಈ ಸೌಕರ್ಯ ಇಲ್ಲ. ಆ ಸ್ಕೂಟರಿನ ರೋಗ, ಮದ್ದು ಎರಡೂ ಗೊತ್ತಿದ್ದ ಮೆಕ್ಯಾನಿಕ್ ಹಳ್ಳಿ ಹಳ್ಳಿಯಲ್ಲಿ ಇದ್ದರು. ಮತ್ತೆ ಮುಖ್ಯವಾಗಿ, ಸವಾರ ಹೋದದ್ದು ಹಿಂದೆ ಕೂತ ತಾಯಿಗೆ ಒಗ್ಗುವ ವೇಗದಲ್ಲಿ.

ಹಾಗಾದರೆ ನನ್ನ ಉತ್ತರ ಇಷ್ಟು: ದಿನವಿಡೀ ಓಡಿದ ಮೇಲೆ ಸಂಜೆ ಇಬ್ಬರೂ ನಗುತ್ತಾ ಇಳಿದು, ಮರುದಿನ ಬೆಳಿಗ್ಗೆ ಇಬ್ಬರೂ ಮತ್ತೆ ಹತ್ತಲು ಮನಸ್ಸು ಮಾಡಿದರೆ ಅದು ಟೂರಿಂಗ್ ಬೈಕು.

ಈ ವಾರದ ಮನೆಲೆಕ್ಕ. ಮನೆಯ ಬೈಕು ಅಥವಾ ಸ್ಕೂಟರಿನ ಹತ್ತಿರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ.

ಒಂದು: ಟ್ಯಾಂಕಿನ ಲೀಟರನ್ನು ಮೈಲೇಜಿನಿಂದ ಗುಣಿಸಿ, ಐದರಲ್ಲಿ ಒಂದು ಪಾಲು ಆಪತ್ತಿಗೆಂದು ಕಳೆಯಿರಿ. ಉಳಿದದ್ದು ನಿಮ್ಮ ಬೈಕಿನ ಒಂದು ನೆಗೆತ.

ಎರಡು: ಎಷ್ಟು ಭಾರ ಹೊರಬಹುದು ಎಂದು ಕೈಪಿಡಿಯಲ್ಲಿ ಹುಡುಕಿ. ಇಬ್ಬರ ತೂಕವನ್ನೂ ಬ್ಯಾಗಿನ ತೂಕವನ್ನೂ ಕೂಡಿಸಿ, ಮೀರುತ್ತದೋ ನೋಡಿ.

ಮೂರು: ಹೆಲ್ಮೆಟ್ ಎಷ್ಟು ಉಂಟು, ಎಣಿಸಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕೆಂದು ಕಾನೂನು ಹೇಳುತ್ತದೆ. ಒಂದೇ ಇದ್ದರೆ ನಿಮ್ಮ ಬೈಕಿಗೆ ಒಂದೇ ಸೀಟು ಎಂದು ಲೆಕ್ಕ.

ನಾಲ್ಕು: ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ದೊಡ್ಡವರೊಬ್ಬರು ಗಟ್ಟಿಯಾಗಿ ಹಿಡಿದುಕೊಂಡಿರಲಿ. ಅಜ್ಜಿಗೆ ಹತ್ತಲು ಆಗುವುದಾದರೆ ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕೂರಿಸಿ, ಎಲ್ಲಿ ನೋಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ನಾಲ್ಕರಲ್ಲಿ ಹೆಚ್ಚು ಅಂಕ ಇದಕ್ಕೇ.