ಮುಕ್ತ ತಂತ್ರಾಂಶವೂ ಕಲಾ ವಿದ್ಯಾರ್ಥಿಯೂ

“ಬಿ. ಎ. ಓದುವವನಿಗೆ ತಂತ್ರಾಂಶದ ಗೊಡವೆ ಏಕೆ?” ಎಂದು ಮಿತ್ರರೊಬ್ಬರು ಮೊನ್ನೆ ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಗಣಕಯಂತ್ರದ ಶಾಸ್ತ್ರವನ್ನು ನಾನು ಓದಿದವನಲ್ಲ. ಕನ್ನಡ, ಇತಿಹಾಸ, ರಾಜ್ಯಶಾಸ್ತ್ರಗಳೇ ನನ್ನ ಪಾಠ. ಆದರೂ ಈ ವರ್ಷ ನನಗೊದಗಿದ ಒಂದು ಚಿಕ್ಕ ಅನುಭವವನ್ನು ಓದುಗರ ಮುಂದಿಡುವ ಧೈರ್ಯ ಮಾಡಿದ್ದೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ಬೇಡಿಕೆ.

ಬುಲೆಟಿನ್ ಬೋರ್ಡ್ ಎಂದರೆ ನಮ್ಮ ಕಾಲೇಜಿನ ಬಾಗಿಲ ಬಳಿಯ ಸೂಚನಾ ಫಲಕವನ್ನು ಗಣಕಯಂತ್ರದೊಳಗೆ ತೂಗುಹಾಕಿದಂತೆ. ಬಂದವರು ಓದಬಹುದು, ತಾವೂ ಬರೆದು ಅಂಟಿಸಬಹುದು. ೧೯೭೮ರ ಜನವರಿಯಲ್ಲಿ ಅಮೆರಿಕದ ಶಿಕಾಗೋ ನಗರವು ಹಿಮಪಾತದಿಂದ ಸ್ತಬ್ಧವಾಗಿದ್ದಾಗ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು ಹವ್ಯಾಸಿಗಳು ಇಂತಹ ಹಲಗೆಯ ಕೆಲಸಕ್ಕೆ ತೊಡಗಿ, ಫೆಬ್ರವರಿ ೧೬ರಂದು ಅದನ್ನು ಜನರಿಗೆ ತೆರೆದರು. ಇದ್ದುದು ಒಂದೇ ದೂರವಾಣಿ ತಂತಿ. ಒಮ್ಮೆಗೆ ಒಬ್ಬನೇ ಬರಬೇಕು. ಓದಿ, ಬರೆದು, ಮತ್ತೊಬ್ಬನಿಗೆ ಎಡೆ ಕೊಟ್ಟು ಹೊರಡಬೇಕು. ೧೯೮೪ರಲ್ಲಿ ಟಾಮ್ ಜೆನಿಂಗ್ಸ್ ಎಂಬುವರು ಇಂತಹ ಹಲಗೆಗಳನ್ನು ಒಂದಕ್ಕೊಂದು ಹೆಣೆದು, ಪತ್ರಗಳು ರಾತ್ರಿಯ ಹೊತ್ತು ಊರಿಂದೂರಿಗೆ ಸಾಗುವಂತೆ ಮಾಡಿದರು. ಅದೇ ಫೈಡೋನೆಟ್. ಭಾರತದ ಸಾರ್ವಜನಿಕರಿಗೆ ೧೯೯೫ರ ಆಗಸ್ಟ್ ೧೫ರಂದು ಅಂತರಜಾಲ ದೊರೆಯಿತು. ಲೋಕದಲ್ಲೆಲ್ಲ ಅಂತರಜಾಲ ಹಬ್ಬಿದಂತೆ ಹಲಗೆಗಳು ವಿರಳವಾದವು. ಆದರೆ ಅಳಿಯಲಿಲ್ಲ. ಒಂದು ಕಾಲಕ್ಕೆ ಹಣಕ್ಕೆ ಮಾರಾಟವಾಗುತ್ತಿದ್ದ ಸಿಂಕ್ರೊನೆಟ್ ಎಂಬ ತಂತ್ರಾಂಶವು ಮುಂದೆ ತನ್ನ ಮೂಲ ಬರಹದೊಡನೆ ಎಲ್ಲರಿಗೂ ಮುಕ್ತವಾಯಿತು. ಹವ್ಯಾಸಿಗಳು ಇಂದಿಗೂ ಅದನ್ನು ಬೆಳೆಸುತ್ತಿದ್ದಾರೆ.

ನಾನು ಕಮಲಾಪುರದವನು, ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋಗುವವನು. ನಗರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಅವನ ಮನೆಮಾತು ಉರ್ದು. ಅವನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಗಣಕಯಂತ್ರದಲ್ಲಿ ಇಂತಹ ಒಂದು ಮುಕ್ತ ತಂತ್ರಾಂಶವನ್ನು ಹಾಕಿ ಒಂದು ಹಲಗೆ ತೆರೆದೆವು. ಅದಕ್ಕೆ ‘ಅಗಸಿಕಟ್ಟಿ’ ಎಂದು ಹೆಸರಿಟ್ಟೆವು. ನಮ್ಮ ಮುತ್ಯಾ ಭಜನೆಯಲ್ಲಿ ಹಾಡುವ ತತ್ವಪದಗಳನ್ನು ನಾನು ಬರೆದುಕೊಂಡಿದ್ದೆ. ಅವುಗಳನ್ನೇ ಮೊದಲು ಹಾಕೋಣವೆಂದು ‘ಕಮಲಾಪುರದ ಕೆಂಬಾಳೆಯ ತೋಟದಾಗ ಮುತ್ಯಾ ಹೇಳಿದ ಪದಗಳು’ ಎಂದು ತಲೆಬರಹ ಕೊಟ್ಟೆ. ಸಂಜೆ ಊರಿಗೆ ಹೋಗಿ ಮೊಬೈಲಿನಲ್ಲಿ ಮುತ್ಯಾನಿಗೆ ತೋರಿಸಿದರೆ ‘ತೋಟದಾಗ’ ಎಂಬಲ್ಲಿಗೆ ತಲೆಬರಹ ಮುಗಿದು, ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು. “ನಾ ಎಲ್ಲಿ ಹೋದೆನೋ ತಮ್ಮಾ?” ಎಂದು ಮುತ್ಯಾ ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಹುಡುಕಿದೆವು. ಫೈಡೋನೆಟ್ಟಿನ ಪದ್ಧತಿಯಲ್ಲಿ ಪತ್ರದ ತಲೆಬರಹಕ್ಕೆ ೭೨ ಬೈಟುಗಳ ಸ್ಥಳ. ಅದರಲ್ಲಿ ಒಂದು ಮುಗಿವಿನ ಗುರುತಿಗೆ ಮೀಸಲು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಉರ್ದು ಅಕ್ಷರಕ್ಕೆ ಇಂದಿನ ಯೂನಿಕೋಡ್ ಬರಹದಲ್ಲಿ ಎರಡು ಬೇಕು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಕಾಗುಣಿತದ ಗುರುತಿಗೂ ಮೂರು ಮೂರು. ‘ಕಲಬುರಗಿ’ ನಮ್ಮ ಕಣ್ಣಿಗೆ ಐದು ಅಕ್ಷರ, ಯಂತ್ರಕ್ಕೆ ೨೧ ಬೈಟು. ‘ಕಮಲಾಪುರ’ವೂ ಹಾಗೆಯೇ ಐದು, ಹಾಗೆಯೇ ೨೧. ನನ್ನ ತಲೆಬರಹದಲ್ಲಿ ‘ತೋಟದಾಗ’ ಮತ್ತು ಅದರ ಮುಂದಿನ ತೆರಪು ಸೇರಿ ೬೯ ಬೈಟುಗಳು ತುಂಬಿದ್ದವು. ಉಳಿದ ಎರಡರಲ್ಲಿ ‘ಮ’ಕಾರವು ಹಿಡಿಯದೆ ನಡುವೆ ಕಡಿದುಹೋಗಿತ್ತು. ದುರುದ್ದೇಶ ಯಾರದೂ ಅಲ್ಲ. ಆ ಅಳತೆಯನ್ನು ಗೊತ್ತುಪಡಿಸಿದಾಗ ಕನ್ನಡಿಗನಾರೂ ಆ ಪಂಕ್ತಿಯಲ್ಲಿ ಕುಳಿತಿರಲಿಲ್ಲ, ಅಷ್ಟೇ.

ನನ್ನ ಅಭಿಪ್ರಾಯ ಹುಟ್ಟಿದ್ದು ಇಲ್ಲಿಂದ. ತಂತ್ರಾಂಶದ ಮೂಲ ಬರಹ ಮುಚ್ಚಿದ್ದಾಗಿದ್ದರೆ ನಾವು ಒಂದು ಅರ್ಜಿ ಬರೆದು ಸುಮ್ಮನಾಗಬೇಕಿತ್ತು. ಅದು ತೆರೆದಿದ್ದುದರಿಂದ ಕಡಿಯುವ ಜಾಗವನ್ನು ಕಣ್ಣಾರೆ ಕಂಡೆವು. ಗೆಳೆಯನಿಗೆ ಯಂತ್ರದ ಭಾಷೆ ಸ್ವಲ್ಪ ಗೊತ್ತು. ನನಗೆ ಗೊತ್ತಿದ್ದುದು ಅಕ್ಷರಮಾಲೆ. ಕಾಗುಣಿತದ ಗುರುತನ್ನು ವ್ಯಂಜನದಿಂದ ಬೇರ್ಪಡಿಸಬಾರದು, ಒತ್ತಕ್ಷರವನ್ನು ಮೂಲಾಕ್ಷರದಿಂದ ಅಗಲಿಸಬಾರದು, ಅನುಸ್ವಾರವನ್ನು ಒಂಟಿಯಾಗಿ ಮುಂದಿನ ಸಾಲಿಗೆ ತಳ್ಳಬಾರದು — ಇಷ್ಟನ್ನು ಹೇಳಿಕೊಟ್ಟವನು ನಾನು. ಎರಡು ವಾರಗಳಲ್ಲಿ ತಿದ್ದುಪಡಿ ಸಿದ್ಧವಾಯಿತು. ಸ್ಥಳ ಸಾಲದಿದ್ದರೆ ತಲೆಬರಹವು ಪೂರ್ಣ ಅಕ್ಷರಕ್ಕೇ ನಿಲ್ಲುತ್ತದೆ. ಇಡಿಯ ತಲೆಬರಹ ಪತ್ರದ ಮೊದಲ ಸಾಲಿನಲ್ಲಿ ಇರುತ್ತದೆ. ತಿದ್ದಿದ್ದನ್ನು ಆ ತಂತ್ರಾಂಶ ಬೆಳೆಸುವವರಿಗೆ ಕಳುಹಿಸಿದ್ದೇವೆ. ಅವರು ಒಪ್ಪಿದರೆ ತೆಲುಗರಿಗೂ ಮರಾಠಿಗರಿಗೂ ಅದೇ ಉಪಯೋಗವಾದೀತು.

“ಈ ಮೊಬೈಲ್ ಯುಗದಲ್ಲಿ ಇಂತಹ ಹಳೆಯ ಹಲಗೆ ಯಾರಿಗೆ ಬೇಕು?” ಎನ್ನುವವರುಂಟು. ಎಲ್ಲರೂ ಹಲಗೆಗೆ ಮರಳಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಸಣ್ಣದಾದುದರಿಂದಲೇ ಅದನ್ನು ಬಿಚ್ಚಿ ನೋಡಿ ಅರಿಯಬಹುದು. ಈಜು ಕಲಿಯುವವನು ಕೆರೆಗೆ ಇಳಿಯುತ್ತಾನೆ, ಸಮುದ್ರಕ್ಕಲ್ಲ. ಇನ್ನು ಕೆಲವರು, “ಬೇಕಾದಷ್ಟು ತಂತ್ರಾಂಶ ಪುಕ್ಕಟೆ ದೊರೆಯುವಾಗ ಮುಕ್ತದ ಹಟವೇಕೆ?” ಎನ್ನುತ್ತಾರೆ. ಪುಕ್ಕಟೆ ಬೇರೆ, ಮುಕ್ತ ಬೇರೆ. ಧರ್ಮಕ್ಕೆ ಉಂಡವನು ಉಪ್ಪು ಕಡಿಮೆ ಎನ್ನಲಾರ. ಅಡುಗೆಮನೆಗೆ ಪ್ರವೇಶವಿದ್ದವನು ಉಪ್ಪು ಹಾಕಿಕೊಳ್ಳಬಲ್ಲ. ಕನ್ನಡಿಗರಾದ ನಮಗೆ ಈ ಪಾಠ ಹೊಸದಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದು ತಂತ್ರಾಂಶದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದ ಕಾಲವನ್ನು ನಮ್ಮ ಅಧ್ಯಾಪಕರೆಲ್ಲ ಬಲ್ಲರು.

ಇದು ಎಂಜಿನಿಯರುಗಳ ಕೆಲಸವೆಂದು ನಾವು ಕೈತೊಳೆದುಕೊಳ್ಳುವುದೂ ಸಲ್ಲದು. ಕಾದಂಬರಿಕಾರರಾದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಕೊರತೆಯನ್ನು ತಮ್ಮ ಕೊರತೆಯೆಂದೇ ತಿಳಿದು ದುಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಶ್ರಮವಿತ್ತು. ಭಾಷೆಯನ್ನು ಬಲ್ಲವನು ಯಂತ್ರದಿಂದ ದೂರ ನಿಂತರೆ ಯಂತ್ರವನ್ನು ಬಲ್ಲವನು ಭಾಷೆಯನ್ನು ತನಗೆ ತೋರಿದಂತೆ ಕಡಿಯುತ್ತಾನೆ. ಆಗ ಅವನನ್ನು ದೂರುವ ಹಕ್ಕು ನಮಗಿರದು. ಮೂಲ ಬರಹ ಮುಕ್ತವಾಗಿದ್ದರಷ್ಟೇ ಸಾಲದು. ಅದನ್ನು ತೆರೆದು ಓದುವವರೂ ಬೇಕು.

ಆದುದರಿಂದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ಬಿನ್ನಹ. ನಮ್ಮ ವಾಚನಾಲಯದಲ್ಲಿ ಒಂದು ಹಳೆಯ ಗಣಕಯಂತ್ರಕ್ಕೆ ಜಾಗ ಕೊಡಿ. ಶನಿವಾರ ಒಂದು ಗಂಟೆ ಕಲಾ ವಿದ್ಯಾರ್ಥಿಗಳೂ ವಿಜ್ಞಾನದ ವಿದ್ಯಾರ್ಥಿಗಳೂ ಕೂಡಿ ಕುಳಿತು, ಕನ್ನಡ, ಉರ್ದು, ಮರಾಠಿ, ತೆಲುಗುಗಳಲ್ಲಿ ಬರೆದು, ಎಲ್ಲಿ ಮುರಿಯುತ್ತದೆಯೋ ಗುರುತು ಹಾಕೋಣ. ಹಲಗೆಯ ಮೇಲೆ ಬಂದದ್ದಕ್ಕೆಲ್ಲ ಹೊಣೆಗಾರರು ಯಾರೆಂದು ಗುರುಗಳು ಕೇಳಿಯಾರು. ಸರದಿಯ ಮೇಲೆ ನಾವೇ ಇಬ್ಬರು ಕಾವಲಿಗಿರುತ್ತೇವೆ. ಖರ್ಚು ವಿದ್ಯುತ್ತಿನದಷ್ಟೇ.

ಮುತ್ಯಾನ ಪದಗಳಲ್ಲಿ ಹದಿನಾಲ್ಕು ಈಗ ‘ಅಗಸಿಕಟ್ಟಿ’ಯ ಮೇಲೆ ಇವೆ. ಅವರು ಪ್ರತಿದಿನ ನನ್ನನ್ನು ಕೇಳುವುದು ಒಂದೇ ಮಾತು: “ಇವತ್ತು ನನ್ನ ಹೆಸರ ಪೂರಾ ಬಂದದೇನು?” ಬಂದಿದೆ ಎಂದು ಹೇಳುವಾಗ ನನಗಾಗುವ ಸಂತೋಷವನ್ನು ಪರೀಕ್ಷೆಯ ಯಾವ ಅಂಕಪಟ್ಟಿಯೂ ಇದುವರೆಗೆ ಕೊಟ್ಟಿಲ್ಲ.